ನಂಜನಗೂಡಿನ ನಂಜು, ರಸಬಾಳೆಯ ನೊಣ

ಲೋಕ ಉಳಿಯಲೆಂದು ನಂಜುಂಡವನ ಊರು ನಂಜನಗೂಡು. ಇಲ್ಲಿ ಕಳಿತ ರಸಬಾಳೆಯ ಸುತ್ತ ಹಾರಾಡುವ ಪುಟ್ಟ ಹಣ್ಣುನೊಣಕ್ಕೂ ನಂಜಿನದೇ ಒಂದು ಕಥೆಯುಂಟು. ಅದು ನಡೆದದ್ದು ದೂರದ ಎಡಿನ್‌ಬರೋದಲ್ಲಿ.

1917ರಲ್ಲಿ ಬೆಲ್ಜಿಯಂ ರಣರಂಗದಲ್ಲಿ ಜರ್ಮನರು ಮೊದಲು ಬಳಸಿದ ‘ಸಾಸಿವೆ ಅನಿಲ’ (ಸಾಸಿವೆಗೂ ಅದಕ್ಕೂ ವಾಸನೆಯಷ್ಟೇ ನಂಟು!) ಸೈನಿಕರ ಚರ್ಮ, ಕಣ್ಣು, ಶ್ವಾಸಕೋಶಗಳನ್ನು ಸುಟ್ಟಿತು. ಸುಟ್ಟ ಗಾಯವೇನೋ ಕಣ್ಣಿಗೆ ಕಾಣುತ್ತದೆ. ಕಾಣದ್ದು? 1940ರ ದಶಕದ ಆರಂಭದಲ್ಲಿ ಷಾರ್ಲೊಟ್ ಔರ್‌ಬಾಕ್ ಎಂಬ ವಿಜ್ಞಾನಿ ತಮ್ಮ ಕೈ ಸುಟ್ಟುಕೊಂಡೂ ಬಿಡದೆ, ಗಂಡು ಹಣ್ಣುನೊಣಗಳಿಗೆ ಈ ಅನಿಲ ತಾಗಿಸಿದರು. ಅನಿಲ ಸೋಕದ ಮರಿಗಳಲ್ಲೂ ವಂಶವಾಹಿಗಳು ಕೆಟ್ಟಿದ್ದವು. ಯುದ್ಧಕಾಲದ ಗುಟ್ಟಾದ್ದರಿಂದ ಫಲಿತಾಂಶ ಪ್ರಕಟವಾದದ್ದು 1946ರಲ್ಲಿ.

ನಂಜನಗೂಡಿನಿಂದ ಮುಂದೆ ಹರಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕೂಡಿದ ನೀರನ್ನು ಮತ್ತೆ ಬಿಡಿಸಲಾದೀತೆ? ಜೀವಕೋಶದ ಪಾಡು ಬೇರೆ. ಅದು ಎರಡಾಗಬೇಕಾದರೆ ಡಿ.ಎನ್.ಎ.ಯ ಜೋಡಿ ಎಳೆಗಳು ಬಿಡಿಸಿಕೊಳ್ಳಲೇಬೇಕು. ಸಾಸಿವೆ ಅನಿಲ ಅವನ್ನು ಒಂದಕ್ಕೊಂದು ಗಂಟು ಹಾಕುತ್ತದೆ. ಜಪಾನಿನ ಒಕುನೊಷಿಮಾ ದ್ವೀಪದಲ್ಲಿ ಈ ಅನಿಲ ತಯಾರಿಸಿದ ಕಾರ್ಮಿಕರಲ್ಲಿ ಎಷ್ಟೋ ಮಂದಿಗೆ ಯುದ್ಧ ಮುಗಿದು ದಶಕಗಳಾದ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಬಂತು.

ಈ ನೊಣವನ್ನು ಅರಿಯಲು ವಿದ್ಯಾರ್ಥಿಗಳು ಎಡಿನ್‌ಬರೋಗೆ ಹೋಗಬೇಕಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲೇ ಸೀಸೆಗಳಲ್ಲಿ ಅದರ ತಳಿಗಳನ್ನು ಸಾಕುತ್ತಾರೆ.