ಮೂಲೆ ಅಂಗಡಿಯ ತನಕ

ಮೈಸೂರಿನಲ್ಲಿ ನಮ್ಮದು ಮೊದಲ ಮಹಡಿಯ ಮನೆ. ಹದಿನೆಂಟು ಮೆಟ್ಟಿಲು. ನನ್ನ ಸೈಕಲ್ ಸವಾರಿಗೆ ಅಡ್ಡ ನಿಂತಿದ್ದು ಸೋಮಾರಿತನವಲ್ಲ, ಈ ಮೆಟ್ಟಿಲುಗಳು ಎಂದು ಗೊತ್ತಾಗಲು ಎರಡು ವರ್ಷ ಹಿಡಿಯಿತು.

ಐವತ್ತು ದಾಟಿದ ಮೇಲೆ ಡಾಕ್ಟರು ನನ್ನ ರಕ್ತದ ಸಕ್ಕರೆ ನೋಡಿ ಹುಬ್ಬೇರಿಸಿದರು. ಮಗ ಇಪ್ಪತ್ತೊಂದು ಗೇರಿನ ಸೈಕಲ್ ತಂದುಕೊಟ್ಟ. ಜೊತೆಗೆ ಕೈಗವಸು, ಮೈಗಂಟುವ ಜೆರ್ಸಿ, ಕಿಲೋಮೀಟರು ಎಣಿಸುವ ಆ್ಯಪು. ಮೊದಲ ಭಾನುವಾರವೇ ಚಾಮುಂಡಿ ಬೆಟ್ಟಕ್ಕೆ ಹೊರಟೆ. ಸ್ವಲ್ಪ ದೂರ ತುಳಿದೆ, ಸ್ವಲ್ಪ ದೂರ ತಳ್ಳಿದೆ, ಆಮೇಲೆ ತಳ್ಳಲೂ ಆಗದೆ ರಸ್ತೆಬದಿಯ ಕಟ್ಟೆಯ ಮೇಲೆ ಕುಳಿತು ತಾಯಿಗೆ ಅಲ್ಲಿಂದಲೇ ಕೈಮುಗಿದೆ. ನಂದಿಯ ದರ್ಶನವೂ ಆಗಲಿಲ್ಲ. ತಿಂಗಳೊಳಗೆ ಸೈಕಲ್ ಬಾಲ್ಕನಿ ಸೇರಿತು. ನನ್ನಾಕೆ ಅದರ ಹ್ಯಾಂಡಲ್ ಮೇಲೆ ಟವೆಲ್ ಒಣಹಾಕತೊಡಗಿದಳು. “ಯಾವುದಕ್ಕಾದ್ರೂ ಬಂತಲ್ಲ ಬಿಡಿ” ಎಂದಳು.

ನಾನೇನು ಹುಟ್ಟಾ ಸೋಮಾರಿಯಲ್ಲ. ಚಿಕ್ಕವನಿದ್ದಾಗ ಗಂಟೆಗೆ ಐವತ್ತು ಪೈಸೆ ಕೊಟ್ಟು ಬಾಡಿಗೆ ಸೈಕಲ್ ತಂದು, ಸೀಟು ಎಟುಕದೆ ಒಳಪೆಡಲು ಹೊಡೆದವನು. ಮಂಡಿ ತರಚಿದ್ದು ನೆನಪಿದೆ, ಬೇಸರವಾದ ನೆನಪಿಲ್ಲ. ಆಗ ಸೈಕಲ್ ಹತ್ತುವುದಕ್ಕೆ ಚಡ್ಡಿಯೊಂದು ಸಾಕಿತ್ತು. ಈಗ? ಜೆರ್ಸಿ ಹುಡುಕಬೇಕು, ಬೀಗದ ಕೀ ಹುಡುಕಬೇಕು, ಹದಿನೆಂಟು ಮೆಟ್ಟಿಲು ಸೈಕಲ್ ಹೊತ್ತು ಇಳಿಯಬೇಕು. ಇಳಿದರೆ ಟೈರಿನಲ್ಲಿ ಗಾಳಿ ಇರುವುದಿಲ್ಲ. ತುಳಿಯುವ ಹೊತ್ತಿಗೆ ತುಳಿಯುವ ಆಸೆಯೇ ಮುಗಿದಿರುತ್ತಿತ್ತು.

ಇದು ನನ್ನ ತಲೆಗೆ ಹೊಳೆದದ್ದು ‘ಟ್ರಿಣ್ ಟ್ರಿಣ್’ನಿಂದ. 2017ರ ಜೂನ್‌ನಲ್ಲಿ ನಮ್ಮೂರಲ್ಲಿ ಶುರುವಾದ ಸಾರ್ವಜನಿಕ ಸೈಕಲ್ ಯೋಜನೆ ಅದು; 450 ಸೈಕಲ್‌ಗಳು ಊರ ತುಂಬ ನಿಂತವು. ನಮ್ಮ ಆಫೀಸಿನ ಗೆಳೆಯರೊಬ್ಬರಿಗೆ ಸ್ವಂತ ಸೈಕಲ್ಲೇ ಇರಲಿಲ್ಲ, ಆದರೂ ದಿನಾ ತುಳಿಯುತ್ತಿದ್ದರು. ಕಾರ್ಡು ತೋರಿಸು, ಹತ್ತು, ಇನ್ನೊಂದು ಸ್ಟ್ಯಾಂಡಿನಲ್ಲಿ ಬಿಟ್ಟು ಮರೆತುಬಿಡು. ಹೊರುವ ಕಷ್ಟವಿಲ್ಲ, ಪಂಕ್ಚರಿನ ತಲೆನೋವಿಲ್ಲ. ಅವರಿಗೆ ನನಗಿಂತ ಹೆಚ್ಚು ಛಲವಿತ್ತೆಂದು ನಾನು ನಂಬುವುದಿಲ್ಲ.

ಹಾಗಾಗಿ ಗೇರ್ ಸೈಕಲ್ಲನ್ನು ಮಗನಿಗೇ ವಾಪಸ್ಸು ಒಪ್ಪಿಸಿ, ಸಾದಾ ಸೈಕಲ್ ಕೊಂಡೆ. ದಪ್ಪ ಟೈರು, ಮಡ್‌ಗಾರ್ಡು, ಮುಂದೆ ಬುಟ್ಟಿ, ಪ್ಯಾಂಟು ಸಿಕ್ಕಿಕೊಳ್ಳದಂತೆ ಚೈನಿಗೆ ಕವರು. ಕೆಳಮನೆಯವರನ್ನು ಕೇಳಿಕೊಂಡು ಮೆಟ್ಟಿಲ ಕೆಳಗೆ, ಅವರ ನೀರಿನ ಮೋಟಾರಿನ ಪಕ್ಕ ನಿಲ್ಲಿಸಿದೆ. ಹೆಲ್ಮೆಟ್ಟು ಹ್ಯಾಂಡಲಿಗೇ ನೇತುಬಿದ್ದಿರುತ್ತದೆ, ಪಂಪು ಗೋಡೆಯ ಮೊಳೆಗೆ. ರಬ್ಬರ್ ಟ್ಯೂಬಿನಿಂದ ಗಾಳಿ ತೂತಿಲ್ಲದೆಯೂ ಮೆಲ್ಲಗೆ ಸೋರುತ್ತದೆ. ಸಪೂರ ಟೈರಾದರೆ ಮೂರ್ನಾಲ್ಕು ದಿನಕ್ಕೇ ಸಪ್ಪಗಾಗುತ್ತದೆ, ದಪ್ಪ ಟೈರು ಎರಡು ವಾರ ತಾಳುತ್ತದೆ. ಸೈಕಲ್ ಶಾಪಿನವನು ಸೀಟನ್ನೂ ಎತ್ತರಿಸಿಕೊಟ್ಟ. “ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಇಟ್ಟು ನೋಡಿ ಸಾರ್, ಕಾಲು ನೆಟ್ಟಗಾಗಬೇಕು. ನೀವು ಕುಕ್ಕರುಗಾಲಲ್ಲಿ ಕೂತು ತುಳೀತಿದ್ರೆ ಮಂಡಿ ನೋಯದೆ ಇನ್ನೇನಾಗುತ್ತೆ?” ಎರಡು ವರ್ಷ ನಾನು ವಯಸ್ಸಿಗೆ ಬೈದದ್ದು ಒಂದು ಸ್ಪಾನರಿನ ಕೆಲಸಕ್ಕೆ!

ವೇಗದ ಹುಚ್ಚೂ ಬಿಟ್ಟಿತು. ವೇಗ ಎರಡು ಪಟ್ಟಾದರೆ ಎದುರುಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ ಹನ್ನೆರಡು ಕಿಲೋಮೀಟರಿನಲ್ಲಿ ಗಾಳಿ ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ನಡೆಯುವಷ್ಟೇ ಶ್ರಮ, ದೂರ ಮಾತ್ರ ಎರಡು ಮೂರು ಪಟ್ಟು. ಬೆವರಿಲ್ಲ, ಆದ್ದರಿಂದ ಜೆರ್ಸಿಯೂ ಬೇಡ. ಮೈಮೇಲಿನ ಅಂಗಿಯಲ್ಲೇ ಹೊರಟೆ. ಕುಕ್ಕರಹಳ್ಳಿ ಕೆರೆಯ ಕಡೆ ಹೋಗುವಾಗ ಜೆರ್ಸಿ ತೊಟ್ಟ ಹುಡುಗರು ಸುಯ್ಯೆಂದು ದಾಟಿಹೋಗುತ್ತಾರೆ. ಹೋಗಲಿ. ಅವರಿಗೆ ಎಲ್ಲೋ ಮುಟ್ಟಬೇಕಾಗಿದೆ.

ಆ್ಯಪನ್ನು ಅಳಿಸಿದ್ದು ಕೊನೆಯ ಸುಧಾರಣೆ. ಒಂದು ದಿನ ತಪ್ಪಿದರೆ ಅದು ಹಳೆಯ ಮೇಷ್ಟರಂತೆ ಹಾಜರಿ ಕೂಗುತ್ತಿತ್ತು. ಈಗ ನನ್ನ ಕರಾರು ಒಂದೇ: ಮೂಲೆ ಅಂಗಡಿಯ ತನಕ ಹೋಗುವುದು, ಬೇಸರವಾದರೆ ಅಲ್ಲಿಂದಲೇ ತಿರುಗುವುದು. ತಿರುಗಿದ್ದು ವರ್ಷದಲ್ಲಿ ನಾಲ್ಕೈದು ಸಲ ಇರಬಹುದು. ಅದರಲ್ಲಿ ಎರಡು ಸಲ ಮಳೆ.

ಅಂಗಡಿ ಎಂದರೆ ಏನಾದರೂ ತರಬೇಕಲ್ಲ. ನನ್ನಾಕೆ ಒಂದು ಸಲಕ್ಕೆ ಒಂದೇ ಸಾಮಾನು ಹೇಳುತ್ತಾಳೆ. ಬೆಳಿಗ್ಗೆ ಕೊತ್ತಂಬರಿ, ಸಂಜೆ ನಿಂಬೆಹಣ್ಣು. ಇದು ಅವಳ ಮರೆವೆಂದೇ ಬಹಳ ದಿನ ಅಂದುಕೊಂಡಿದ್ದೆ. ಮೊನ್ನೆ ಫ್ರಿಜ್ ತೆಗೆದರೆ ಮೂರು ಕಟ್ಟು ಕರಿಬೇವಿತ್ತು. ನಾನು ಸುಮ್ಮನೆ ಬಾಗಿಲು ಮುಚ್ಚಿ, ಅವಳು ಹೇಳಿದ್ದ ಕರಿಬೇವು ತರಲು ಮೆಟ್ಟಿಲಿಳಿದೆ.