ಬೇರು ಅರೆಯುತ್ತ ಕಳೆದ ಒಂದು ಗಂಟೆ

ಸೋದರಿಯರೇ, ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಅಡಿಕೆ ತೋಟವಿದ್ದ ಮನೆಯಲ್ಲಿ ಹಾವಿನ ಮಾತು ಹೊಸತಲ್ಲ. ಹಟ್ಟಿಗೆ ಸೊಪ್ಪು ತರುವವರು, ಬಿದ್ದ ಅಡಿಕೆ ಹೆಕ್ಕುವವರು ನಾವೇ ತಾನೆ?

ಹತ್ತು ವರ್ಷದ ಹಿಂದೆ, ಮಳೆಗಾಲದ ಒಂದು ಸಂಜೆ, ಸೋಗೆ ಎತ್ತುತ್ತಿದ್ದ ನಮ್ಮ ಅತ್ತೆಗೆ ಕನ್ನಡಿ ಹಾವು ಕಚ್ಚಿತು. ಘಟ್ಟದ ಮೇಲಿನವರು ಕೊಳಕುಮಂಡಲ ಅನ್ನುವುದು ಇದನ್ನೇ. "ಹೆದರಬೇಡ ಮಾರಾಯ್ತಿ, ಬೇರು ಅರೆದು ಕೊಡುವ" ಎಂದು ನೆರೆಮನೆಯ ಅಕ್ಕ ಓಡಿ ಬಂದರು. ಅರೆದೆವು, ಹಚ್ಚಿದೆವು, ಕುಡಿಸಿದೆವು. ಒಂದು ಗಂಟೆ ಹೋಯಿತು. ಕಾಲು ಬಾತು, ಒಸಡಿನಲ್ಲಿ ರಕ್ತ ಕಂಡಿತು. ಆಮೇಲೆ ಜೀಪಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಓಡಿದೆವು. ಅತ್ತೆ ಉಳಿದರು. ಆದರೆ ಆ ಒಂದು ಗಂಟೆ ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತದೆ.

"ಹಾಗಾದರೆ ಅಜ್ಜಿಯರ ಬೇರು ಸುಳ್ಳೇ?" ಎಂದು ಕೇಳುತ್ತೀರಿ. ಪೂರ್ತಿ ಸುಳ್ಳಲ್ಲ. ನಾಚಿಕೆಮುಳ್ಳಿನ ಬೇರಿನ ಸಾರ ಹಾವಿನ ವಿಷದ ಕೆಲವು ಕಿಣ್ವಗಳನ್ನು ತಡೆಯುತ್ತದೆಂದು ಮೈಸೂರು ವಿಶ್ವವಿದ್ಯಾನಿಲಯದ ಸಂಶೋಧಕರು 2004ರಲ್ಲಿ ತೋರಿಸಿದರು. 2006ರಲ್ಲಿ ನಮ್ಮ ಅಡಿಗೆಮನೆಯ ಹುಣಸೆಬೀಜದ ಸಾರವನ್ನು ಕನ್ನಡಿ ಹಾವಿನ ವಿಷದ ಮೇಲೆ ಪರೀಕ್ಷಿಸಿದಾಗಲೂ ಗುಣ ಕಂಡಿತು. ಆದರೆ ಇಂಥ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಸಾರವನ್ನೂ ವಿಷವನ್ನೂ ಮೊದಲೇ ಬೆರೆಸಿಡುತ್ತಾರೆ. ಕಚ್ಚುವ ಹಾವು ಅದಕ್ಕೆ ಕಾಯುತ್ತದೆಯೇ? ಕುಡಿದ ಕಷಾಯ ರಕ್ತಕ್ಕಿಳಿದ ವಿಷವನ್ನು ಹಿಡಿಯುತ್ತದೆಂದು ಇನ್ನೂ ಸಾಬೀತಾಗಿಲ್ಲ. ಈಶ್ವರಿ ಬೇರಿನಲ್ಲಂತೂ ಮೂತ್ರಪಿಂಡ ಕೆಡಿಸುವ ಅಂಶವೇ ಇದೆ.

ಹಾಗೆಂದು ಗಿಡಗಳನ್ನು ಕಡೆಗಣಿಸಬೇಡಿ. ಹಾವಿನ ವಿಷಕ್ಕೆಂದು ಅರೆಯುತ್ತಿದ್ದ ಸರ್ಪಗಂಧದಿಂದಲೇ 1952ರಲ್ಲಿ ರಿಸರ್ಪಿನ್ ಬೇರ್ಪಡಿಸಿದರು. ಅದು ರಕ್ತದೊತ್ತಡಕ್ಕೆ ಮದ್ದಾಯಿತು. ನಾಳೆ ನಾಚಿಕೆಮುಳ್ಳಿನಿಂದಲೂ ಏನಾದರೂ ಸಿಗಬಹುದು.

ಇವತ್ತಿಗೆ ನಂಬಬಹುದಾದ ಮದ್ದು ಆಸ್ಪತ್ರೆಯ ಪ್ರತಿವಿಷ. ಅದೂ ಪ್ರಕೃತಿಯದೇ ಕೊಡುಗೆ: ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ರಕ್ಷಕ ಅಂಶವನ್ನು ತೆಗೆದು ಮಾಡುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಮದ್ದು. 2024ರಿಂದ ಕರ್ನಾಟಕದಲ್ಲಿ ಪ್ರತಿಯೊಂದು ಹಾವು ಕಡಿತವನ್ನೂ ಆಸ್ಪತ್ರೆಗಳು ಸರಕಾರಕ್ಕೆ ವರದಿ ಮಾಡಲೇಬೇಕು.

ಆದ್ದರಿಂದ ಕಟ್ಟು ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಬಳೆ, ಕಾಲುಂಗುರ ತೆಗೆಯಿರಿ. ಕಚ್ಚಿದ ಕಾಲನ್ನೋ ಕೈಯನ್ನೋ ಅಲುಗಿಸದೆ, 108ಕ್ಕೆ ಫೋನ್ ಮಾಡಿಯೋ ಸಿಕ್ಕಿದ ಗಾಡಿ ಹಿಡಿದೋ ಹೊರಡಿ. ಅರೆಯುವ ಕಲ್ಲು ಮನೆಯಲ್ಲಿ ಚಟ್ನಿಗಿರಲಿ.