ಹೃದಯದೊಳಗಿಟ್ಟ ವಸ್ತುವಿಗೆ ಪ್ರಮಾಣವೇನು?



ಮನುಷ್ಯನು ತಾನು ಕೊಳ್ಳುವ ವಸ್ತುವನ್ನು ಪರೀಕ್ಷಿಸದೆ ಕೊಳ್ಳುವುದಿಲ್ಲ. ಮಡಕೆಯನ್ನು ಬಡಿದು ನೋಡುತ್ತಾನೆ. ಬಟ್ಟೆಯನ್ನು ಎಳೆದು ನೋಡುತ್ತಾನೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿ ನೋಡುತ್ತಾನೆ. ಆದರೆ ತನ್ನ ಹೃದಯದ ರಕ್ತನಾಳದಲ್ಲಿ ಬಾಳಿನ ಕೊನೆಯವರೆಗೆ ಇರತಕ್ಕ ವಸ್ತುವೊಂದನ್ನು ಅವನು ಮುಟ್ಟಿ ನೋಡಲಾರ, ಒಳಸೇರಿದ ಮೇಲೆ ಕಣ್ಣಿನಿಂದ ಕಾಣಲೂ ಆರ. ಹಾಗಾದರೆ ಅದರ ಭದ್ರತೆಗೆ ಪ್ರಮಾಣವೇನು? ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವರು ಬೆಳ್ಮಣ್ಣಿನಲ್ಲಿ ನೆಲೆಸಿರುವ ನಮ್ಮ ಮಠದ ಹಳೆಯ ವಿದ್ಯಾರ್ಥಿಯೊಬ್ಬರು.

ಬೆಳ್ಮಣ್ ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿಯ ಮೇಲಿನ ಊರು; ಶ್ರೀ ದುರ್ಗಾಪರಮೇಶ್ವರಿಯ ದೇವಸ್ಥಾನದಿಂದ ಹೆಸರಾದುದು. ಕರಾವಳಿಯ ಶಾಲೆಗಳಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದ ಈ ಮೇಷ್ಟ್ರಿಗೆ ಹೃದಯಾಘಾತವಾಗಿ, ಸ್ಟೆಂಟ್ ಅಳವಡಿಸಿ ಆಗ ನಾಲ್ಕು ತಿಂಗಳಾಗಿತ್ತು. ನಾವು ಆ ಕಡೆ ಹೋದಾಗ ಅವರ ಮನೆಯಲ್ಲಿ ತುಸು ಹೊತ್ತು ಕುಳಿತೆವು.

"ಬುದ್ಧಿ, ಈಗ ಮೆಟ್ಟಲು ಹತ್ತಿದರೂ ಏದುಸಿರಿಲ್ಲ. ಹೀಗಿರುವಾಗ ದಿನವೂ ಈ ಎರಡು ಮಾತ್ರೆ ಯಾತಕ್ಕೆ? ಹಲ್ಲು ಬೇರೆ ಕೀಳಿಸಬೇಕಾಗಿದೆ. ರಕ್ತ ನಿಲ್ಲುವುದಿಲ್ಲವೆಂದು ಹೆದರಿಸುತ್ತಾರೆ. ನಾಳೆಯಿಂದ ಬಿಟ್ಟುಬಿಡೋಣ ಎಂದಿದ್ದೇನೆ" ಎಂದರು.

ಒಳಗಿನಿಂದ ಅವರ ಮನೆಯವರು, "ನಮ್ಮ ಮಾತು ಕೇಳುವುದಿಲ್ಲ ಬುದ್ಧಿ, ತಾವಾದರೂ ಹೇಳಬೇಕು" ಎಂದರು.

"ಮೇಷ್ಟ್ರೇ, ಮಾತ್ರೆ ಬಿಡುವ ತೀರ್ಮಾನ ನಿಮ್ಮದೂ ಅಲ್ಲ, ನಮ್ಮದೂ ಅಲ್ಲ. ಹೃದಯಕ್ಕೆ ಚಿಕಿತ್ಸೆ ಮಾಡಿದವರನ್ನು ಕೇಳದೆ ಒಂದು ಹೊತ್ತೂ ತಪ್ಪಿಸಬೇಡಿ" ಎಂದೆವು. ಆಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಳಗೆ ಇಟ್ಟದ್ದು ಗಟ್ಟಿಯಾದದ್ದೆಂದು ನಂಬುವುದಕ್ಕೆ ಏನು ಆಧಾರ, ಬುದ್ಧಿ? ಅದು ಯಾವ ಕಂಪನಿಯದೆಂದು ಕೂಡ ನನಗೆ ತಿಳಿಯದು" ಎಂದರು.

ಮಾತ್ರೆಯ ವಿಷಯವನ್ನು ವೈದ್ಯರಿಗೆ ಬಿಡಬಹುದು. ಈ ಎರಡನೆಯ ಪ್ರಶ್ನೆಯನ್ನು ಹಾಗೆ ಬಿಡಲಾಗದು. ಇಂದು ನಮ್ಮ ಭಕ್ತವರ್ಗದಲ್ಲಿ ಸ್ಟೆಂಟ್ ಅಳವಡಿಸಿಕೊಂಡವರು ಅನೇಕರಿದ್ದಾರೆ. ಆದುದರಿಂದ ತಿಳಿದವರಿಂದ ಕೇಳಿ, ಓದಿ ಮನದಟ್ಟು ಮಾಡಿಕೊಂಡ ಸಂಗತಿಗಳನ್ನು ನಿಮ್ಮ ಮುಂದಿಡುತ್ತಿದ್ದೇವೆ.

1977ರ ಸೆಪ್ಟೆಂಬರಿನಲ್ಲಿ ಜ್ಯೂರಿಕ್ ನಗರದಲ್ಲಿ ಆಂಡ್ರಿಯಾಸ್ ಗ್ರುಂಟ್ಸಿಗ್ ಎಂಬ ವೈದ್ಯರು ಇಕ್ಕಟ್ಟಾದ ಹೃದಯನಾಳದೊಳಗೆ ಪುಟ್ಟ ಬಲೂನನ್ನು ಕಳುಹಿಸಿ, ಅದನ್ನು ಉಬ್ಬಿಸಿ ದಾರಿಯನ್ನು ಅಗಲ ಮಾಡಿದರು. ಆದರೆ ಹೀಗೆ ಅಗಲವಾದ ನಾಳ ಕೆಲವರಲ್ಲಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಅದಕ್ಕೆ ಆಸರೆಯಾಗಿ 1986ರಲ್ಲಿ ಫ್ರಾನ್ಸಿನ ಜಾಕ್ ಪ್ಯುಯೆಲ್ ಮತ್ತು ಸ್ವಿಟ್ಜರ್ಲೆಂಡಿನಲ್ಲಿದ್ದ ಉಲ್ರಿಕ್ ಸಿಗ್ವಾರ್ಟ್ ಮನುಷ್ಯರ ಹೃದಯನಾಳದಲ್ಲಿ ಮೊದಲ ಲೋಹದ ಜಾಲರಿಗಳನ್ನಿಟ್ಟರು. ಇದೇ ಸ್ಟೆಂಟ್. ಆದರೆ ಶರೀರವು ಲೋಹವನ್ನು ಗಾಯವೆಂದೇ ಎಣಿಸಿ ಅದರ ಮೇಲೆ ಮಾಂಸ ಬೆಳೆಸುತ್ತದೆ. ಅದು ಅತಿಯಾದರೆ ದಾರಿ ಮತ್ತೆ ಕಟ್ಟುತ್ತದೆ. ಇದನ್ನು ತಡೆಯಲು ಜಾಲರಿಗೆ ಔಷಧ ಲೇಪಿಸಿದರು. ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ಪಡೆದ ಮೊದಲ ಲೇಪಿತ ಸ್ಟೆಂಟಿನಲ್ಲಿದ್ದ ಸಿರೋಲಿಮಸ್ ಎಂಬ ಔಷಧದ ಮೂಲ ದೊರೆತದ್ದು ಶಾಂತಸಾಗರದ ಈಸ್ಟರ್ ದ್ವೀಪದ ಮಣ್ಣಿನಲ್ಲಿ.

ಮಾಂಸ ಬೆಳೆಯುವುದು ಕಡಿಮೆಯಾಯಿತು, ಎಲ್ಲರೂ ಹರ್ಷಿಸಿದರು. ಆದರೆ 2006ರಲ್ಲಿ ಬಾರ್ಸಿಲೋನಾದಲ್ಲಿ ನೆರೆದ ಯುರೋಪಿನ ಹೃದ್ರೋಗ ತಜ್ಞರ ಸಮ್ಮೇಳನದಲ್ಲಿ ಆತಂಕದ ಮಾತು ಕೇಳಿಬಂತು. ಮಾಂಸ ಬೆಳೆಯುವುದನ್ನು ತಡೆದ ಔಷಧವೇ ಗಾಯ ಮಾಯುವುದನ್ನೂ ತಡಮಾಡುತ್ತಿತ್ತು. ನಾಳದ ಒಳಪೊರೆ ಲೋಹವನ್ನು ಮುಚ್ಚದೆ ಬಿಟ್ಟಲ್ಲಿ ಬಹುಕಾಲದ ನಂತರವೂ ರಕ್ತ ಹೆಪ್ಪುಗಟ್ಟಬಹುದಾಗಿತ್ತು. ಹೆಪ್ಪುಗಟ್ಟಿದರೆ ಅದು ಮತ್ತೊಂದು ಹೃದಯಾಘಾತವೇ. ನಂತರದ ವರ್ಷಗಳಲ್ಲಿ ಲೋಹದ ಎಳೆಯನ್ನು ತೆಳುವಾಗಿಸಿ, ಲೇಪವನ್ನು ಸುಧಾರಿಸಿ ಈ ಭಯವನ್ನು ಬಹಳ ಮಟ್ಟಿಗೆ ತಗ್ಗಿಸಿದ್ದಾರೆ. ಆದರೂ ಒಳಪೊರೆ ಬೆಳೆಯುವ ತನಕ ಕಾವಲು ಬೇಕು. ಆ ಕಾವಲೇ ಆಸ್ಪಿರಿನ್ ಮತ್ತು ಅದರ ಜೊತೆಯ ಎರಡನೆಯ ಮಾತ್ರೆ. ಹೃದಯಾಘಾತವಾದವರಿಗೆ ಇವೆರಡನ್ನೂ ಸಾಮಾನ್ಯವಾಗಿ ಒಂದು ವರ್ಷ ಕೊಡುತ್ತಾರೆ. ರಕ್ತಸ್ರಾವದ ಅಪಾಯವಿದ್ದವರಿಗೆ ಅವಧಿಯನ್ನು ವೈದ್ಯರೇ ಕಡಿಮೆ ಮಾಡುವುದುಂಟು. ಏದುಸಿರು ನಿಂತಿತೆಂಬ ಮಾತ್ರಕ್ಕೆ ಒಳಗೆ ಗಾಯ ಮಾಯಿತೆಂದು ತಿಳಿಯತಕ್ಕದ್ದಲ್ಲ.

ಕಾಲಕ್ರಮದಲ್ಲಿ ಕರಗಿಹೋಗುವ ಸ್ಟೆಂಟ್ ಬಂದರೆ ಲೋಹದ ಚಿಂತೆಯೇ ಇಲ್ಲವೆಂದು ಕೆಲವರು ಆಶಿಸಿದ್ದರು. ಅಬ್ಸಾರ್ಬ್ ಎಂಬ ಅಂಥ ಸ್ಟೆಂಟಿಗೆ ಅಮೆರಿಕದಲ್ಲಿ 2016ರ ಜುಲೈಯಲ್ಲಿ ಒಪ್ಪಿಗೆ ದೊರೆಯಿತು. ಲೋಹದ ಸ್ಟೆಂಟಿಗಿಂತ ಅದರಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚೆಂದು ಅಧ್ಯಯನಗಳಿಂದ ಕಂಡುಬಂದು, 2017ರ ಸೆಪ್ಟೆಂಬರಿನಲ್ಲಿ ಅದರ ಮಾರಾಟ ನಿಂತಿತು. ಹೊಸದೆಲ್ಲವೂ ಒಳ್ಳೆಯದೆಂಬ ಭ್ರಮೆಗೆ ಇದೊಂದು ಪಾಠ.

ಇಲ್ಲಿ ನಾವು ಬಾಲ್ಯದಲ್ಲಿ ಓದಿದ ತರ್ಕಶಾಸ್ತ್ರ ನೆನಪಾಗುತ್ತದೆ. ವಸ್ತುವನ್ನು ತಿಳಿಯಲು ಪ್ರತ್ಯಕ್ಷ, ಅನುಮಾನ, ಶಬ್ದ ಮೊದಲಾದ ಪ್ರಮಾಣಗಳನ್ನು ಶಾಸ್ತ್ರಕಾರರು ಹೇಳಿದ್ದಾರೆ. ಹೃದಯದೊಳಗಿನ ಜಾಲರಿಯ ವಿಷಯದಲ್ಲಿ ರೋಗಿಗೆ ಪ್ರತ್ಯಕ್ಷವಿಲ್ಲ. ಉಳಿದದ್ದು ಎರಡು: ಪರೀಕ್ಷೆಗಳಿಂದ ಹೊರಡುವ ಅನುಮಾನ, ಮತ್ತು ಆಪ್ತರ ಮಾತು. ಆದರೆ ಆಪ್ತನಾರು? ತಾನು ಕಂಡುದನ್ನು ಕಂಡಂತೆ ಹೇಳತಕ್ಕವನು. ಈ ಕ್ಷೇತ್ರದಲ್ಲಿ ಅದರ ಅರ್ಥ, ತನ್ನ ಕೃತಿ ಎಲ್ಲಿ ಮುರಿಯಿತೆಂಬುದನ್ನು ಮುಚ್ಚಿಡದೆ ಹೇಳುವವನು.

ಇಂಥ ಆಪ್ತರೊಬ್ಬರು ಬೆಳ್ಮಣ್ಣಿನ ನೆರೆಯ ಮಣಿಪಾಲದಲ್ಲಿಯೇ ಬಾಳಿದವರು. ಅವರೇ ಡಾ. ಎಂ. ಎಸ್. ವಲಿಯತ್ತಾನ್. ಅವರು ರೂಪಿಸಿದ್ದು ಸ್ಟೆಂಟ್ ಅಲ್ಲ, ಕೃತಕ ಹೃದಯ ಕವಾಟ. ಆದರೆ ಪರೀಕ್ಷೆಯ ಧರ್ಮ ಎರಡಕ್ಕೂ ಒಂದೇ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಅವರೂ ಅವರ ಸಂಗಡಿಗರೂ ಈ ಕೆಲಸಕ್ಕೆ ಕೈಹಚ್ಚಿದಾಗ ವಿದೇಶದ ಕವಾಟವನ್ನು ಕೊಳ್ಳುವ ಶಕ್ತಿ ನಮ್ಮ ಬಡರೋಗಿಗಳಿಗಿರಲಿಲ್ಲ. ಬೇಗ ಮಾಡಿ ಮುಗಿಸಬೇಕೆಂಬ ಒತ್ತಾಯಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕೆ? ಆದರೂ ಅವರು ಅವಸರಪಡಲಿಲ್ಲ. ಹೃದಯವು ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಕವಾಟವೂ ಅಷ್ಟೇ ಸಲ ತೆರೆದು ಮುಚ್ಚಬೇಕು. ಹತ್ತು ವರ್ಷಕ್ಕೆ ಅದು ಮೂವತ್ತಾರು ಕೋಟಿಯನ್ನು ದಾಟುತ್ತದೆ. ಆದುದರಿಂದ ಹೃದಯಕ್ಕಿಂತ ಅನೇಕ ಪಟ್ಟು ವೇಗವಾಗಿ ಬಡಿಯುವ ಯಂತ್ರದಲ್ಲಿಟ್ಟು ಕವಾಟದ ಸವೆತವನ್ನು ಅಳೆದರು. ಆಮೇಲೆ ಕುರಿಗಳಲ್ಲಿಟ್ಟು ನೋಡಿದರು. ಮೊದಲ ಮೂರು ಮಾದರಿಗಳು ಸೋತವು. ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರ್ 6ರಂದು ಮೊತ್ತಮೊದಲಿಗೆ ಅದನ್ನು ರೋಗಿಯೊಬ್ಬರಿಗೆ ಅಳವಡಿಸಿದರು. ಅಂದಿನಿಂದ ಲಕ್ಷಕ್ಕೂ ಮಿಕ್ಕಿದ ಜನರಿಗೆ ಚಿತ್ರಾ ಕವಾಟ ಆಸರೆಯಾಗಿದೆ. 1993ರಲ್ಲಿ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ಬಂದ ವಲಿಯತ್ತಾನ್ 2024ರ ಜುಲೈ 17ರಂದು ಮಣಿಪಾಲದಲ್ಲಿಯೇ ದೇಹ ಬಿಟ್ಟರು.

ಸೋತ ಆ ಮೂರು ಮಾದರಿಗಳಿಗೆ ನಾವು ಕೈಮುಗಿಯುತ್ತೇವೆ. ಅವು ಪ್ರಯೋಗಶಾಲೆಯಲ್ಲಿ ಸೋತದ್ದರಿಂದ ಮನುಷ್ಯರ ಎದೆಯಲ್ಲಿ ಸೋಲಲಿಲ್ಲ. ಇದಕ್ಕೆ ವಿರುದ್ಧವಾದ ಕಥೆಯೂ ಇದೆ. ಬ್ಯೋರ್ಕ್-ಶೈಲಿ ಎಂಬ ವಿದೇಶೀ ಕವಾಟದ ಒಂದು ಬಗೆಯನ್ನು ಜಗತ್ತಿನಲ್ಲಿ ಸುಮಾರು 86,000 ಜನರಿಗೆ ಅಳವಡಿಸಿದ್ದರು. ಅದರ ಬೆಸುಗೆಯ ಕಂಬಿ ಕೆಲವರಲ್ಲಿ ತುಂಡಾಗಿ ನೂರಾರು ಜನ ತೀರಿಕೊಂಡರು. 1986ರಲ್ಲಿ ಅದು ಮಾರುಕಟ್ಟೆಯಿಂದ ಹೋಯಿತು. ಎಲ್ಲೋ ಒಂದು ಕಡೆ ಸೋಲು ಬಂದೇ ಬರುತ್ತದೆ. ಅದು ಪ್ರಯೋಗಶಾಲೆಯಲ್ಲಿ ಬರಲೆಂಬುದೇ ಸಂಶೋಧನೆಯ ಸಾರ.

ಆದರೆ ಎಷ್ಟೇ ಪರೀಕ್ಷಿಸಿದರೂ, ಹತ್ತು ಸಾವಿರದಲ್ಲಿ ಒಬ್ಬನಿಗೆ ಆಗುವ ತೊಂದರೆ ಸಾವಿರ ಜನರ ಪರೀಕ್ಷೆಯಲ್ಲಿ ತೋರದೆ ಹೋಗಬಹುದು. ಆದ್ದರಿಂದ ಅಳವಡಿಸಿದ ಮೇಲೂ ನಿಗಾ ಬೇಕು. ನಮ್ಮ ಸರ್ಕಾರವು 2005ರಲ್ಲಿ ಸ್ಟೆಂಟ್, ಕವಾಟ ಮೊದಲಾದವುಗಳನ್ನು ಔಷಧಗಳ ಕಾನೂನಿನ ಹತೋಟಿಗೆ ತಂದಿತು. 2015ರ ಜುಲೈ 6ರಂದು ವೈದ್ಯಕೀಯ ಸಾಧನಗಳಿಂದಾಗುವ ತೊಂದರೆಗಳನ್ನು ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಗಾಜಿಯಾಬಾದಿನ ಭಾರತೀಯ ಔಷಧಕೋಶ ಆಯೋಗ ಅದರ ಕೇಂದ್ರ. 2017ರ ಫೆಬ್ರವರಿಯಲ್ಲಿ ಸ್ಟೆಂಟಿನ ಬೆಲೆಗೆ ಮಿತಿ ಹಾಕಿದರು. ವೈದ್ಯಕೀಯ ಸಾಧನಗಳಿಗೆಂದೇ ರಚಿಸಿದ ನಿಯಮಗಳು 2018ರ ಜನವರಿ 1ರಿಂದ ಜಾರಿಗೆ ಬಂದವು. ಕಾನೂನು ಇದೆ, ಕಚೇರಿ ಇದೆ. ಆದರೆ ತೊಂದರೆಯಾದುದನ್ನು ಹೇಳುವವರೇ ಇಲ್ಲದಿದ್ದರೆ ದಾಖಲೆ ತುಂಬುವುದೆಂತು?

ಇಲ್ಲಿಯೇ ವಾಚಕರಾದ ನಿಮ್ಮ ಕರ್ತವ್ಯ ಬರುತ್ತದೆ. ನಾವು ಮೇಷ್ಟ್ರಿಗೆ ಆಸ್ಪತ್ರೆಯ ಕಾಗದಗಳನ್ನು ತರಹೇಳಿದೆವು. ಅವರ ಮನೆಯವರು ಕಪಾಟಿನಿಂದ ಕಡತ ತೆಗೆದುಕೊಟ್ಟರು. ಅದರಲ್ಲೊಂದು ಹಾಳೆಗೆ ಪುಟ್ಟ ಚೀಟಿ ಅಂಟಿಸಿದ್ದರು. ಸ್ಟೆಂಟಿನ ಹೆಸರು, ತಯಾರಕರ ಹೆಸರು, ಅಳತೆ, ತಂಡದ ಸಂಖ್ಯೆ ಎಲ್ಲವೂ ಅಲ್ಲಿದ್ದವು. ನಾಲ್ಕು ತಿಂಗಳಿಂದ ಮನೆಯಲ್ಲಿದ್ದ ಉತ್ತರವನ್ನು ಯಾರೂ ಓದಿರಲಿಲ್ಲ, ಅಷ್ಟೆ. ಅಂದು ಸಂಜೆಯೇ ಅವರು ಹೃದ್ರೋಗ ವೈದ್ಯರಿಗೆ ಫೋನು ಮಾಡಿದರು. ಮಾತ್ರೆ ನಿಲ್ಲಿಸಕೂಡದೆಂದು ಅಪ್ಪಣೆಯಾಯಿತು. ದಂತವೈದ್ಯರು ವಿಷಯ ತಿಳಿದುಕೊಂಡು, ಮಾತ್ರೆ ನಡೆಯುತ್ತಿರುವಾಗಲೇ ಹಲ್ಲು ಕಿತ್ತು, ರಕ್ತ ನಿಲ್ಲುವ ತನಕ ಕೂರಿಸಿಕೊಂಡು ಕಳುಹಿಸಿದರು.

ಆದುದರಿಂದ ನಿಮ್ಮಲ್ಲಿ ಇಷ್ಟನ್ನು ಕೇಳಿಕೊಳ್ಳುತ್ತೇವೆ. ಸ್ಟೆಂಟ್ ಬೇಕೆಂದಾಗ ಏಕೆ ಬೇಕೆಂದು ವಿನಯದಿಂದ ಕೇಳಿರಿ. ಹೃದಯಾಘಾತದ ವೇಳೆಯಲ್ಲಿ ಅದು ಪ್ರಾಣ ಉಳಿಸುತ್ತದೆ. ಅಲ್ಲಿ ತಡಮಾಡುವುದು ತರವಲ್ಲ. ಆದರೆ ತೀವ್ರವಲ್ಲದ, ಸ್ಥಿರವಾದ ಎದೆನೋವಿನಲ್ಲಿ, ಸರಿಯಾದ ಔಷಧೋಪಚಾರಕ್ಕಿಂತ ಸ್ಟೆಂಟ್ ಸಾಮಾನ್ಯವಾಗಿ ಆಯುಸ್ಸನ್ನು ಹೆಚ್ಚಿಸುವುದಿಲ್ಲವೆಂದು 2007ರಲ್ಲಿಯೂ 2019ರಲ್ಲಿಯೂ ಹೊರಬಿದ್ದ ದೊಡ್ಡ ಅಧ್ಯಯನಗಳು ತೋರಿಸಿವೆ, ನೋವು ಕಡಿಮೆಯಾಗಬಹುದು. ಅಳವಡಿಸಿದ ಮೇಲೆ ಆ ಚೀಟಿಯಿರುವ ಕಾಗದವನ್ನು ಜೋಪಾನವಾಗಿಡಿ. ಅದರ ಪ್ರತಿಯೊಂದು ಮಗನ ಬಳಿಯೋ ಮಗಳ ಬಳಿಯೋ ಇರಲಿ. ಹಲ್ಲು ಕೀಳಿಸುವಾಗ, ಶಸ್ತ್ರಕ್ರಿಯೆಯಾಗುವಾಗ, ಎಂ.ಆರ್.ಐ. ಪರೀಕ್ಷೆಗೆ ಹೋಗುವಾಗ ಅದನ್ನು ತೋರಿಸಿರಿ. ವ್ರತದ ನೆಪದಲ್ಲಾಗಲಿ, ಪ್ರಯಾಣದ ನೆಪದಲ್ಲಾಗಲಿ ಮಾತ್ರೆಯನ್ನು ತಪ್ಪಿಸಬೇಡಿ. ಒಳಗಿಟ್ಟ ಸಾಧನದಿಂದ ತೊಂದರೆಯಾಯಿತೆಂದು ತೋರಿದರೆ ಮೊದಲು ವೈದ್ಯರ ಬಳಿಗೆ ಹೋಗಿರಿ. ಆಮೇಲೆ 1800-180-3024 ಎಂಬ ಶುಲ್ಕರಹಿತ ದೂರವಾಣಿಗೆ ತಿಳಿಸಿರಿ. ಅದು ಯಾರ ಮೇಲೂ ಹಗೆ ಸಾಧಿಸುವುದಲ್ಲ; ನಾಳೆ ಅದೇ ಸಾಧನವನ್ನು ಧರಿಸಲಿರುವ, ನೀವು ಕಾಣದ ಯಾರೋ ಒಬ್ಬರಿಗೆ ಮಾಡುವ ಉಪಕಾರ.

ಅಂಗದ ಮೇಲೆ ಧರಿಸಿದುದನ್ನು ದಿನವೂ ಎಚ್ಚರದಿಂದ ಕಾಯ್ದುಕೊಳ್ಳುವುದು ನಮ್ಮ ಭಕ್ತರಿಗೆ ಹೊಸತಲ್ಲ. ಅಂಗದ ಒಳಗೆ ಧರಿಸಿದುದಕ್ಕೂ ಅದೇ ಎಚ್ಚರ ಸಲ್ಲಲಿ. ಎಲ್ಲರಿಗೂ ಆಯುರಾರೋಗ್ಯ ಲಭಿಸಲೆಂದು ಹಾರೈಸುತ್ತೇವೆ.